ಫಲಕದ ಬುಡದ ಮೂರು ಸಾಲು

"ಅಳಿಸಿರೋದು ಮೂರೇ ಸಾಲು, ಅಕ್ಕಾ. ನನ್ನ ಒಂಬತ್ತು ವರ್ಷ ಹೋಯ್ತು," ಎನ್ನುತ್ತ ಲಿಪಿಕಾರ ಉಸ್ತಾದರ ಶಿಷ್ಯೆ ಬಟ್ಟೆಯ ಗಂಟು ಬಿಚ್ಚಿದಳು.

ಅಕ್ಕ ಎಂದರೆ ಕನ್ನಡಕದಂಗಡಿಯವನ ಅಕ್ಕ. ಬೀದಿಯ ಗೋಜಲುಗಳನ್ನು ಬಿಡಿಸುತ್ತಿದ್ದವನು ತಮ್ಮ. ಅಳುತ್ತ ಬಂದವರನ್ನು ಕೂರಿಸಿ ನೀರು ಕೊಡುವ ಕೆಲಸ ಅವಳದು.

ಗಂಟಿನಲ್ಲಿದ್ದುದು ಪ್ರವಾದಿಯವರ ರೂಪವನ್ನೂ ಗುಣವನ್ನೂ ಚಿತ್ರವಿಲ್ಲದೆ, ಬರೀ ಅಕ್ಷರಗಳಲ್ಲಿ ಹೇಳುವ ಫಲಕ. ನಡುವಿನ ವೃತ್ತದಲ್ಲಿ ಅವರ ಎತ್ತರ, ಕಣ್ಣು, ನಡಿಗೆ; ಯಾರತ್ತ ತಿರುಗಿದರೂ ಇಡೀ ಮೈ ತಿರುಗಿಸುತ್ತಿದ್ದರೆಂಬ ಮಾತು. ಇದನ್ನು ಸರಿಯಾಗಿ ಬರೆದ ಶಿಷ್ಯರಿಗೆ ಉಸ್ತಾದರು ಬುಡದಲ್ಲಿ ಮೂರು ಸಾಲಿನ ಅನುಮತಿ ಬರೆದುಕೊಡುತ್ತಿದ್ದರು. ಅದಿಲ್ಲದೆ ಶಿಷ್ಯರು ತಮ್ಮ ಬರಹಕ್ಕೆ ಸಹಿ ಹಾಕುವಂತಿರಲಿಲ್ಲ. ಇವಳಿಗೆ ಬರೆದುಕೊಟ್ಟ ಮರುವಾರವೇ ಉಸ್ತಾದರ ಬಲಗೈ ಸ್ವಾಧೀನ ತಪ್ಪಿತ್ತು. ಎರಡು ತಿಂಗಳು ಅವರ ಕೋಣೆಯಲ್ಲೇ ಇದ್ದ ಫಲಕವನ್ನು ಹಿರಿಯ ಲಿಪಿಕಾರರು ಮರುದಿನ ನೋಡುವವರಿದ್ದರು.

ಉಸ್ತಾದರ ಮಗನ ಮೇಲೆಯೇ ಅವಳ ಅನುಮಾನ. ಅವನಿಗಿನ್ನೂ ಅನುಮತಿ ಸಿಕ್ಕಿರಲಿಲ್ಲ.

ಭೂತಗನ್ನಡಿ ಹಿಡಿದು ತಮ್ಮ ನೋಡಿದ. ಮೊಟ್ಟೆಯ ಬಿಳಿ ಬಳಿದು ನುಣುಪಾಗಿಸಿದ ಕಾಗದ. ಮಸಿ ಒಳಗಿಳಿಯದೆ ಮೇಲೆಯೇ ನಿಲ್ಲುತ್ತದೆ, ಅಳಿಸಲು ಒದ್ದೆ ಬೆರಳು ಸಾಕು. ಅಳಿಸಿದ ಅಕ್ಷರಗಳ ನೆರಳು ಮಾತ್ರ ಉಳಿದಿತ್ತು. ಗೆರೆಗಳು ನಡುಗಿದ್ದವು.

ಮೂವರೂ ಉಸ್ತಾದರ ಮನೆಗೆ ಹೋದರು. ಮಗನ ಹತ್ತೂ ಬೆರಳು ಮಸಿಯಾಗಿದ್ದವು. ಅಕ್ಕ ಕೊಟ್ಟ ನೀರಿನ ಲೋಟವನ್ನು ಉಸ್ತಾದರು ಎಡಗೈಯಲ್ಲಿ, ಹೆಬ್ಬೆರಳು ಮಡಚಿಕೊಂಡೇ ಹಿಡಿದರು. ಅದೂ ಕಾಯಿಲೆಯೇ ಇರಬೇಕೆಂದು ಅಕ್ಕ ಮರುಗಿದಳು.

ಎಲ್ಲರೂ ಕೂತ ಮೇಲೆ ಮಾತು ತೆಗೆದವನು ತಮ್ಮ. "ಇವನು ದಿನಾ ಬರೆಯೋನು, ಇವನ ಕೈಲಿ ಮಸಿ ಇದ್ದರೆ ಏನೂ ಗೊತ್ತಾಗಲ್ಲ. ಎರಡು ತಿಂಗಳಿಂದ ಲೇಖನಿ ಮುಟ್ಟದವರು ಹೆಬ್ಬೆರಳು ಯಾಕೆ ಬಚ್ಚಿಡಬೇಕು? ಅಳಿಸಿದ ಗೆರೆನೇ ಹೇಳುತ್ತೆ, ಕಾಯಿಲೆಗೆ ಮುಂಚೆನೇ ಕೈ ನಡುಗಿತ್ತು. ಆ ನಡುಕ ಕಂಡು ನಾಚಿಕೆಪಡೋರು ಒಬ್ಬರೇ."

ಉಸ್ತಾದರು ಹೆಬ್ಬೆರಳು ಬಿಡಿಸಿದರು. ಉಗುರಿನ ಸಂದಿಯಲ್ಲಿ ಕಪ್ಪಿತ್ತು.

"ನಿನ್ನ ಅಕ್ಷರದ ಕೆಳಗೆ ನನ್ನದು ಕುಂಟ್ತಾ ಇತ್ತಮ್ಮ. ಅಳಿಸಿ, ಎಡಗೈಲಿ ಮತ್ತೆ ಬರೆದುಬಿಡೋಣ ಅಂದ್ಕೊಂಡೆ. ಲೇಖನಿ ಓಡಲೇ ಇಲ್ಲ."

"ನನಗೆ ಚೆಂದದ್ದು ಬೇಕಿರಲಿಲ್ಲ," ಎಂದಳು ಶಿಷ್ಯೆ. "ನಿಮ್ಮದು ಬೇಕಿತ್ತು." ಆಮೇಲೆ ಮಗನತ್ತ ತಿರುಗಿ, ತಪ್ಪು ತಿಳಿದೆ ಎಂದಳು.

ಅವನು ಅಪ್ಪನ ಲೇಖನಿಯ ಮೊನೆಯನ್ನೇ ನೋಡುತ್ತಿದ್ದ. ಬಲಗೈಗೆಂದು ಓರೆಯಾಗಿ ಕತ್ತರಿಸಿದ ಮೊನೆ ಅದು. ಲೇಖನಿಗೆಂದು ಹೊಸ ಜೊಂಡು ತೆಗೆದು, ಓರೆಯನ್ನು ಇನ್ನೊಂದು ಮಗ್ಗುಲಿಗೆ ಕೊಯ್ದು, ಅಪ್ಪನ ಎಡಗೈಯಲ್ಲಿಟ್ಟ.

ಮೂರು ಸಾಲಿಗೆ ಸಂಜೆಯಾಯಿತು. ಸೊಟ್ಟ ಅಕ್ಷರಗಳು ಒಣಗುವವರೆಗೂ ಶಿಷ್ಯೆ ಉಸ್ತಾದರ ಎಡಗೈಯನ್ನು ತನ್ನ ಕೈಯೊಳಗೆ ಭದ್ರವಾಗಿ ಹಿಡಿದುಕೊಂಡೇ ಕೂತಿದ್ದಳು.