ಕಲೆಯಿಲ್ಲದ ಊರು

ಓಬಳಮ್ಮನ ಬಾಯೊಳಗೆ ನೀಲಿ ಬೆಳಕು ಹತ್ತಿತು. ಕುರ್ಚಿಯ ಕೈ ಹಿಡಿದು ಕಾದಳು. ನೋವು ಬರಲೇ ಇಲ್ಲ.

ಯಂತ್ರದ ಹೆಸರು ದಂತಶಮನಿ. ದೊಡ್ಡಮಾರನಹಳ್ಳಿಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ಕುಡಿದು ಬೆಳೆದವರ ಹಲ್ಲು ಕಂದಾಗಿ, ಹೊರಪದರ ಉದುರಿ, ಗಾಳಿ ಸೋಕಿದರೂ ಜುಮ್ಮೆನ್ನುತ್ತಿತ್ತು. ಬಿಳುಪಿನ ಔಷಧಿ ಅಂಥ ಹಲ್ಲಿಗೆ ಬೆಂಕಿಯೇ ಸರಿ. ದಂತಶಮನಿ ಮೊದಲು ಹಲ್ಲಿನ ಸೂಕ್ಷ್ಮರಂಧ್ರಗಳನ್ನು ಮುಚ್ಚಿ, ನರವನ್ನು ಮಲಗಿಸಿ, ಆಮೇಲೆ ಕಲೆ ಕರಗಿಸುತ್ತಿತ್ತು. ಆ ಬಿಳುಪು ಸಾಯುವವರೆಗೂ ಮಾಸದು.

“ಡಾಕ್ಟ್ರಮ್ಮಾ, ನನ್ ಮೊಮ್ಮಗ್ಳಿಗೂ ಏನಾರ ಮಾಡ್ರಿ. ಕಾಲು ಸೊಟ್ಟ ಆಗ್ತಾವೆ,” ಎಂದಳು ಓಬಳಮ್ಮ. ನಾಲ್ಕು ವರ್ಷದ ಇಂಚರಳ ಮೊಣಕಾಲುಗಳು ಒಳಕ್ಕೆ ಬಾಗತೊಡಗಿದ್ದವು.

ಯಂತ್ರವನ್ನು ರೂಪಿಸಿದ ಡಾಕ್ಟರ್ ಪದ್ಮಿನಿ ಕಿಣಿ ಮಗುವಿನ ಕಾಲು ಮುಟ್ಟಿ ನೋಡಿದರು. “ಮೂಳೆಗೆ ನನ್ನ ಯಂತ್ರ ಆಗೋದಿಲ್ಲ. ಇವಳಿಗೆ ಶುದ್ಧ ನೀರು ಬೇಕು. ಈಗಲೇ ಸಿಕ್ಕರೆ ನೆಟ್ಟಗಾದೀತು. ಎರಡು ವರ್ಷ ತಡವಾದರೆ ಕಷ್ಟ.”

“ಸರ್ಕಾರದ್ ಶುದ್ಧ ನೀರಿನ ಘಟಕ ಬರ್ತೈತೆ ಕಣಮ್ಮ. ಯಾವ್ ಊರಿಗೆ ಅನ್ನಾಕೆ ಬರೋ ತಿಂಗ್ಳೇ ಗಣತಿ.”

ಅಂಗನವಾಡಿಯ ಓಬಳಮ್ಮ ಹೇಳಿದರೆ ಊರು ಕೇಳುತ್ತದೆ. ನೋವಿಲ್ಲ, ಬನ್ನಿ ಎಂದು ಅವಳು ಎಲ್ಲರನ್ನೂ ಯಂತ್ರದ ಬಳಿಗೆ ಕರೆತಂದಳು. ಹೆಣ್ಣು ನೋಡಲು ಬಂದವರು ಹಲ್ಲು ನೋಡಿ ಎದ್ದುಹೋದ ಊರು. ಫೋಟೋಗೆ ಬಾಯಿ ಮುಚ್ಚಿ ನಿಲ್ಲುವ ಊರು. ಬೇಡವೆನ್ನಲು ಅವರಿಗೇನು ಹುಚ್ಚೇ? ಹತ್ತು ವರ್ಷ ದಾಟಿದ ಮುನ್ನೂರ ಹನ್ನೆರಡು ಮಂದಿಯೂ ಬೆಳ್ಳಗೆ ನಕ್ಕರು.

ಆಮೇಲೆ ಗಣತಿಯವರು ಬಂದರು. ನೀರಿನ ಮಾದರಿ ಅದಲುಬದಲಾಗುತ್ತದೆ, ಹಲ್ಲು ಸುಳ್ಳು ಹೇಳದು ಎಂದು ಯಾವನೋ ಬುದ್ಧಿವಂತ ನಿಯಮ ಮಾಡಿದ್ದ. ಹಾಗಾಗಿ ಘಟಕ ಯಾವ ಊರಿಗೆಂದು ತೀರ್ಮಾನಿಸುವುದು ದಂತಗಣಕವೆಂಬ ಯಂತ್ರ. ಅದು ಹತ್ತು ವರ್ಷ ದಾಟಿದ ಒಬ್ಬೊಬ್ಬರ ಬಾಯಿ ನೋಡಿ ಕಲೆ ಎಣಿಸಿತು. ಒಂದೂ ಸಿಗಲಿಲ್ಲ. ಘಟಕ ಪಕ್ಕದ ತಾಲ್ಲೂಕಿಗೆ ಹೋಯಿತು. ಮುಂದಿನ ಗಣತಿ ಎಂಟು ವರ್ಷಕ್ಕೆ.

ಓಬಳಮ್ಮ ಬಸ್ಸು ಹಿಡಿದು ಡಾಕ್ಟರ ಆಸ್ಪತ್ರೆಗೆ ಹೋದಳು. “ನಮ್ ಹಳೇ ಹಲ್ಲು ವಾಪಸ್ ಕೊಡ್ರಮ್ಮ.”

“ಆಗೋದಿಲ್ಲ ಓಬಳಮ್ಮ. ಮಾಸಬಾರದು ಅಂತಲೇ ಹದಿನಾಲ್ಕು ವರ್ಷ ದುಡಿದೆ.”

“ಮೊದ್ಲು ಹಿಂಗಿರ್ಲಿಲ್ಲ ಅಂತ ಒಂದ್ ಕಾಗ್ದ ಬರ್ಕೊಡ್ರಿ.”

“ಗಣತಿಯವರಿಗೆ ಮೂರು ಸಲ ಬರೆದೆ. ನೀರಿನ ವರದಿಯನ್ನೂ ಕಳಿಸಿದೆ. ದಂತಗಣಕ ಕಾಗದ ಓದೋದಿಲ್ಲವಂತೆ.” ಡಾಕ್ಟರು ತಲೆ ತಗ್ಗಿಸಿದರು. “ನಾನು ನಿಮ್ಮ ನೋವೊಂದನ್ನೇ ಯೋಚಿಸಿದ್ದೆ.”

“ಗಣಪ್ಪನ್ ಮಾಡಾಕೋಗಿ ಅವ್ರಪ್ಪನ್ ಮಾಡ್ದಂಗಾತು. ಊರ್ನೆಲ್ಲ ಎಳ್ಕೊಂಡ್ ಬಂದೋಳು ನಾನೇ.” ಅವಳಿಗೆ ಅಳು ತಡೆಯಲಾಗಲಿಲ್ಲ.

ಮನೆಗೆ ಬಂದಾಗ ಇಂಚರ ಗೋಡೆ ಹಿಡಿದು ಬಾಗಿಲಿಗೆ ಬಂದಳು. “ಅಜ್ಜೀ, ನೀರು.”

ಓಬಳಮ್ಮ ಬಿಂದಿಗೆಯಿಂದ ಲೋಟ ತುಂಬಿ, ಹಾಗೇ ನಿಂತಳು. ಮಗು ಮತ್ತೆ ಕೇಳಿತು. ಮನೆಯಲ್ಲಿ ಬೇರೆ ನೀರಿರಲಿಲ್ಲ.

“ಕುಡಿ ಮಗಾ,” ಎಂದು ಕೊಟ್ಟಳು.