ಅಸಹ್ಯದ ಒಂದು ತುತ್ತು

ಚಿಕ್ಕಮ್ಮನ ಕಫದ ಬಟ್ಟಲು ತೊಳೆದೂ ತೊಳೆದೂ ಚನ್ನವೀರೇಶನ ಬೆರಳಿಗೆ ಆ ವಾಸನೆ ಅಂಟಿಕೊಂಡಿತ್ತು. ಎಷ್ಟು ಸೋಪು ಹಾಕಿದರೂ ಹೋಗದು. ಊಟಕ್ಕೆ ಕೂತರೆ ಮೂಗಿಗೇ ಬಡಿಯುವುದು. ಥೂ! ಬಸವೇಶ್ವರನಗರದ ಅವಳ ಮನೆಯ ಆಸೆಗೆ ಎಲ್ಲ ಸಹಿಸಿದ್ದ. ಹೋದ ವಾರ ಚಿಕ್ಕಮ್ಮ ಕಮಲಾಕ್ಷಮ್ಮ ಮಲಗಿದ್ದಲ್ಲಿಂದಲೇ ಹೇಳಿಬಿಟ್ಟಳು: "ಮನೆ ಗುರವ್ವನ ಹೆಸರಿಗೆ ಮಾಡ್ತೀನಿ ಕಣೋ. ಅವಳಿಗಿನ್ನೂ ಹೇಳಿಲ್ಲ. ಬಟ್ಟಲು ಹಿಡಿಯುವಾಗ ನೀನು ಮುಖ ತಿರುಗಿಸ್ತೀಯ. ಅವಳು ತಿರುಗಿಸಲ್ಲ."

ಆರೈಕೆಗೆ ಇಟ್ಟುಕೊಂಡ ಹೆಂಗಸಿಗೆ ಮನೆಯಂತೆ! ಸೋಮವಾರ ರಿಜಿಸ್ಟ್ರೇಷನ್. ಅಷ್ಟರೊಳಗೆ ಮುದುಕಿ ಸಾಯಬೇಕು, ಕೊಲೆ ಗುರವ್ವನ ತಲೆಗೆ ಬರಬೇಕು.

ಯೋಚನೆ ಹೊಳೆದದ್ದು ಚಿಕ್ಕಮ್ಮನ ಮನೆ ಹಿಂದಿನ ರಸ್ತೆಯಲ್ಲಿ ಹೊಸದಾಗಿ ತೆರೆದಿದ್ದ ಇಜಕಾಯಾ ನೋಡಿದಾಗ. ಕುಡಿಯುತ್ತ, ಸಣ್ಣ ತಟ್ಟೆಗಳಲ್ಲಿ ಒಂದೊಂದೇ ತರಿಸಿ ತಿನ್ನುವ ಜಪಾನಿ ಅಂಗಡಿ ಅದು. ಹಳೇ ಮನೆಯನ್ನೇ ಬದಲಾಯಿಸಿದ್ದರು. ಒಳಗೆ ಚಾಪೆಯ ಮೇಲೆ ಕೂರಬೇಕು, ಶೂ ಬಾಗಿಲಲ್ಲೇ ಬಿಡಬೇಕು. ಶೂ ಬಿಡುವ ಜಾಗದ ಪಕ್ಕ ಟಾಯ್ಲೆಟ್. ಪಕ್ಕದಲ್ಲೇ ಹಿಂದಿನ ಸಂದಿಗೆ ಒಂದು ಬಾಗಿಲು. ಸಂದಿ ದಾಟಿದರೆ ಚಿಕ್ಕಮ್ಮನ ಹಿತ್ತಲು. ಕ್ಯಾಮೆರಾ ಇದ್ದದ್ದು ಮುಂಬಾಗಿಲಿಗೆ ಮಾತ್ರ.

ಆಫೀಸಿನ ಕಲ್ಮೇಶನಿಗೆ ಪ್ರಮೋಷನ್ ಆಗಿತ್ತು. ಒಸಾಕಾದಲ್ಲಿ ಎರಡು ವರ್ಷ ಇದ್ದು ಬಂದವನು. ಬಾಯಿ ಬಿಟ್ಟರೆ ಜಪಾನು. ಶನಿವಾರ ಸಂಜೆ, ಗುರವ್ವ ಸಂತೆಗೆ ಹೋಗುವ ಹೊತ್ತಿಗೆ, ಚನ್ನವೀರೇಶ ಅವನನ್ನೂ ಇನ್ನಿಬ್ಬರನ್ನೂ ಪಾರ್ಟಿಗೆ ಕರೆದ.

"ಮೊಟ್ಟೆ ಕಂಡ್ರೆ ಓಡೋನು ನೀನು. ಇಲ್ಲಿಗಾ ಗುರು?" ಎಂದು ಕಲ್ಮೇಶ ನಕ್ಕ.

"ನಿನಗೋಸ್ಕರ ಮಗಾ."

ಬಾಗಿಲಲ್ಲಿ ಅಂಗಡಿಯ ಯಜಮಾನ ತನಾಬೆ ನಡು ಬಗ್ಗಿಸಿ ನಮಸ್ಕರಿಸಿ, ಇವರು ಬಿಟ್ಟ ಶೂಗಳಿಗೆ ಕೈ ಹಾಕಿದ. ಅಡುಗೆ ಮಾಡುವ ಕೈಯಲ್ಲಿ ಕಂಡವರ ಶೂ! ಚನ್ನವೀರೇಶ ಮುಖ ತಿರುಗಿಸಿಕೊಂಡು ಒಳಗೆ ನಡೆದ.

ಒಳಗೆ ಸುಟ್ಟ ಮೀನಿನ ಹೊಗೆ. ತನಾಬೆ ತಂದಿಟ್ಟ ಬಟ್ಟಲಲ್ಲಿ ಲೋಳೆಲೋಳೆಯಾದ ಕಂದು ಎಳೆಗಳು. "ಸ್ಕ್ವಿಡ್. ಅದರದೇ ಕರುಳಲ್ಲಿ ಹುಳಿಸಿರ್ತಾರೆ. ಇದೇ ಒರಿಜಿನಲ್ಲು!" ಎಂದ ಕಲ್ಮೇಶ. ಥೇಟ್ ಚಿಕ್ಕಮ್ಮನ ಬಟ್ಟಲು. ಚನ್ನವೀರೇಶ ಬೇಕೆಂದೇ ಒಂದು ತುತ್ತು ಬಾಯಿಗಿಟ್ಟ. ತಣ್ಣಗೆ ಗಂಟಲಲ್ಲಿ ಜಾರಿತು. ನಟಿಸುವ ಅಗತ್ಯವೇ ಬೀಳಲಿಲ್ಲ. ಬಾಯಿ ಮುಚ್ಚಿಕೊಂಡು ಟಾಯ್ಲೆಟ್ಟಿಗೆ ಓಡಿದ. ಹಿಂದೆ ಎಲ್ಲರೂ ಹೋ ಎಂದು ನಕ್ಕರು. ನಗಲಿ, ನಾಳೆ ಸಾಕ್ಷಿ ಹೇಳುವವರು ಇವರೇ.

ನಲ್ಲಿ ತಿರುಗಿಸಿ ಬಿಟ್ಟ, ಬಾಗಿಲನ್ನು ಹೊರಗಿನಿಂದ ನಾಣ್ಯದಲ್ಲಿ ತಿರುವಿ ಚಿಲಕ ಹಾಕಿದ. ಬರಿಗಾಲಲ್ಲೇ ಹೋಗಬಹುದಿತ್ತು. ಆದರೆ ಸಂದಿಯ ಕೊಚ್ಚೆ ತುಳಿಯಲು ಅವನಿಂದಾಗಲಿಲ್ಲ. ಗಡಿಬಿಡಿಯಲ್ಲಿ ಶೂ ಮೆಟ್ಟಿಕೊಂಡ. ಹಿತ್ತಲ ಬಾಗಿಲಿನ ಬೀಗದಕೈ ಅವನಲ್ಲೇ ಇತ್ತು. ಚಿಕ್ಕಮ್ಮ ಕಣ್ಣು ಬಿಟ್ಟು "ಯಾರು, ಗುರವ್ವನಾ?" ಎಂದಳು. ದಿಂಬು ಒತ್ತುವಾಗಲೂ ಅವನು ಮುಖ ತಿರುಗಿಸಿಕೊಂಡೇ ಇದ್ದ. ಅವಳ ಬಳೆಗಳನ್ನು ಗುರವ್ವನ ಟ್ರಂಕಿನ ಬಟ್ಟೆಯಡಿ ಇಟ್ಟು ವಾಪಸು ಬಂದ. ಶೂ ಒರೆಸಿ, ಕಳಚಿ, ಕಲ್ಮೇಶನ ಶೂಗಳ ಪಕ್ಕದಲ್ಲಿ ಮೊದಲಿದ್ದ ಜಾಗದಲ್ಲೇ ಬಿಟ್ಟ. ಮುಖ ತೊಳೆದು ಬಂದು ಕೂತಾಗ ಕಲ್ಮೇಶ ಬೆನ್ನು ಸವರಿ ನಿಂಬೆ ಸೋಡಾ ಕೊಟ್ಟ.

ಗಂಟೆ ಕಳೆಯುವಷ್ಟರಲ್ಲಿ ಸಂತೆಯಿಂದ ಬಂದ ಗುರವ್ವ ಹೆಣ ಕಂಡು ಕೂಗಿಕೊಂಡಿದ್ದಳು, ಪಕ್ಕದ ಮನೆಯವರು ಪೊಲೀಸರಿಗೆ ಹೇಳಿದ್ದರು. ಅವನಿಗೆ ಫೋನ್ ಮಾಡಿ ಎಲ್ಲಿದ್ದಾನೆಂದು ಕೇಳಿಕೊಂಡು ಸಬ್‌ಇನ್ಸ್‌ಪೆಕ್ಟರ್ ಜಂಬಣ್ಣ ಬಂದರು. ಅಳುತ್ತ ಹಿಂದೆ ಗುರವ್ವ. ಬಳೆ ಅವಳ ಟ್ರಂಕಿನಲ್ಲೇ ಸಿಕ್ಕಿತ್ತು. "ನಾ ಏನೂ ಮಾಡಿಲ್ರೀ ಅಣ್ಣಾರ" ಎಂದು ಅವನ ಕೈ ಹಿಡಿಯಲು ಬಂದಳು. ಅವನು ಕೈ ಹಿಂದಕ್ಕೆಳೆದುಕೊಂಡ.

"ನೀವು ಸಂಜೆಯಿಂದ ಇಲ್ಲೇ ಇದ್ರಾ?" ಎಂದು ಜಂಬಣ್ಣ ಕೇಳಿದ್ದಕ್ಕೆ ಮೂವರೂ ಒಟ್ಟಿಗೇ, "ಇಲ್ಲೇ ಸಾರ್, ಪಾಪ, ವಾಂತಿ ಮಾಡಿ ಸುಸ್ತಾಗಿದಾನೆ" ಎಂದರು. ಚನ್ನವೀರೇಶ ಕಣ್ಣೊರೆಸಿಕೊಂಡು ಎದ್ದ.

ಎಲ್ಲರೂ ಬಾಗಿಲಿಗೆ ಬಂದರು. ಕಲ್ಮೇಶ ಶೂಗೆ ಕಾಲು ತೂರಿಸುತ್ತ ಪಕ್ಕಕ್ಕೆ ನೋಡಿದ. "ಅರೆ, ನಿನ್ ಶೂ ಯಾಕೋ ಒಳಗಡೆ ನೋಡ್ತಿದೆ? ಬಂದಾಗ ತನಾಬೆ ಎಲ್ರದ್ದೂ ಬಾಗಿಲ ಕಡೆ ತಿರುಗಿಸಿ ಇಟ್ಟಿದ್ರಲ್ಲ. ಹೊರಡೋವಾಗ ಹಾಕ್ಕೊಳ್ಳೋಕೆ ಸಲೀಸಾಗ್ಲಿ ಅಂತ ಅವರ ಪದ್ಧತಿ ಅದು. ನೀನು ನೋಡ್ಲಿಲ್ವಾ?" ಜಂಬಣ್ಣ ಬಗ್ಗಿ ನೋಡಿದರು. ಮೂರು ಜೊತೆ ಬೀದಿಗೆ ಮುಖ ಮಾಡಿ ನಿಂತಿದ್ದವು. ಒಂದು ಜೊತೆ ಮಾತ್ರ ಆಗಷ್ಟೇ ಹೊರಗಿನಿಂದ ಬಂದವರು ಬಿಟ್ಟ ಹಾಗೆ ಒಳಮುಖವಾಗಿತ್ತು. ಅವರು ಗುರವ್ವನ ತೋಳು ಬಿಟ್ಟು ಕೇಳಿದರು: "ಯಾವಾಗ ಹೊರಗೆ ಹೋಗಿ ಬಂದ್ರಿ ಸ್ವಾಮಿ?"