ವೈದ್ಯರ ಸಂಘದ ಬೊಂಬೆ

ಬುಧವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ವೈದ್ಯರ ಸಂಘದ ಕಾರ್ಯದರ್ಶಿ ಠಾಣೆಗೆ ಬಂದು ಒಂದು ಬೊಂಬೆ ಕಾಣೆಯಾಗಿದೆ ಎಂದು ದೂರು ಕೊಟ್ಟಳು. ಮನುಷ್ಯರು ಕಾಣೆಯಾದಾಗ ಬರುವವರ ಮುಖದಲ್ಲೂ ಅಷ್ಟು ಗಾಬರಿ ಇರುವುದಿಲ್ಲ. ಆಕೆ ಮಕ್ಕಳ ಡಾಕ್ಟರ್, ಇನ್ನೂ ಮೂವತ್ತೈದು ದಾಟಿರಲಿಲ್ಲ. ದೂರು ಬರೆದುಕೊಳ್ಳಲು ಕೂತ ದಫೇದಾರ ಪೆನ್ನಿನ ಮುಚ್ಚಳ ತೆಗೆದವನು ಹಾಗೇ ಮತ್ತೆ ಹಾಕಿದ. ಕೆಮ್ಮಿದ್ದಕ್ಕೂ ಗಂಟೆ ನಿಮಿಷ ಬರೆದಿಡುವ ಚಟ ಇದ್ದುದರಿಂದ ಠಾಣೆಯಲ್ಲಿ ಅವನನ್ನು ಗಡಿಯಾರ ಎಂದೇ ಕರೆಯುತ್ತಿದ್ದರು.

"ಬೊಂಬೇನಾ ಮೇಡಂ? ಮಕ್ಕಳು ಆಡೋದಾ?"

"ಅಲ್ಲ. ತರಬೇತಿ ಬೊಂಬೆ. ಹೃದಯ ನಿಂತವರ ಎದೆ ಒತ್ತಿ ಹೇಗೆ ಉಳಿಸೋದು ಅಂತ ಅದರ ಮೇಲೆ ಕಲಿಸ್ತೀವಿ. ಸೊಂಟದವರೆಗೆ ಮಾತ್ರ ಇದೆ. ಕಾಲಿಲ್ಲ."

"ಕಾಲಿಲ್ದೇ ಇರೋದು ಎಲ್ಲಿಗೆ ಹೋಯ್ತು?" ಎಂದ ಗಡಿಯಾರ. ಹಿಂದೆ ನಿಂತಿದ್ದ ಮಹಿಳಾ ಪೇದೆ ನಗು ತಡೆಯಲು ಕಿಟಕಿಯ ಕಡೆ ತಿರುಗಿದಳು. ಕಾರ್ಯದರ್ಶಿ ನಗಲಿಲ್ಲ.

ಮಾತು ಕೇಳಿಸಿಕೊಂಡು ಇನ್‌ಸ್ಪೆಕ್ಟರ್ ಒಳಕೋಣೆಯಿಂದ ಬಂದು ಎದುರಿನ ಕುರ್ಚಿಯಲ್ಲಿ ಕೂತ.

"ಹಳೇ ಬೊಂಬೆಗೆ ಇಷ್ಟು ತಲೆ ಕೆಡಿಸ್ಕೊಂಡಿದೀರಲ್ಲ?"

"ಭಾನುವಾರ ನಲವತ್ತು ಜನ ಡಾಕ್ಟರಿಗೆ ತರಬೇತಿ ಇದೆ ಸರ್. ಇನ್ನೊಂದು ತರಿಸೋಕೆ ಎರಡು ತಿಂಗಳು ಬೇಕು. ಹೋದ ತಿಂಗಳು ಹದಿನಾಲ್ಕಕ್ಕೆ ನಮ್ಮ ಹಿಂದಿನ ಅಧ್ಯಕ್ಷರು, ದೊಡ್ಡ ಡಾಕ್ಟ್ರು ಅಂತೀವಲ್ಲ, ಅವರ ಕ್ಲಿನಿಕ್ಕಿನ ಎದುರು ಒಬ್ಬ ದರ್ಜಿ ಎದೆ ಹಿಡ್ಕೊಂಡು ಬಿದ್ದ. ಆಂಬ್ಯುಲೆನ್ಸ್ ಬರೋ ಹೊತ್ತಿಗೆ ಹನ್ನೊಂದು ನಿಮಿಷ ಆಗಿತ್ತು. ದೊಡ್ಡ ಡಾಕ್ಟರೇ ಪಕ್ಕದಲ್ಲಿದ್ರು, ಅವರ ಕೈಲೇ ಆಗಲಿಲ್ಲ. ಅಂದ್ಮೇಲೆ ನಮ್ಮಂಥೋರು ಎಷ್ಟು ಕಲೀಬೇಕು ಯೋಚನೆ ಮಾಡಿ. ಇನ್ನೊಬ್ಬರು ಹಾಗೆ ಹೋಗಬಾರದು."

ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಕಳುವಾದ ಸ್ವತ್ತು: ರಬ್ಬರಿನ ಅರ್ಧದೇಹದ ಬೊಂಬೆ ಒಂದು, ನೀಲಿ ಕೈಚೀಲ ಸಮೇತ.

ಹನ್ನೊಂದು ಮೂವತ್ತಕ್ಕೆ ಮೂವರು ಪೊಲೀಸರೂ ಸಂಘದ ಕಟ್ಟಡಕ್ಕೆ ಹೋಗಿ ಪಂಚನಾಮೆ ಶುರು ಮಾಡಿದರು. ಒಂದು ಸಭಾಂಗಣ, ಒಂದು ಕಚೇರಿ, ಜವಾನ ಇರುವ ಒಂದು ಪುಟ್ಟ ಕೋಣೆ. ಕಪಾಟಿನ ಬೀಗ ಒಡೆದಿರಲಿಲ್ಲ. ಅದರ ಕೀಲಿಕೈ ಜವಾನನ ಕೋಣೆಯ ಮೊಳೆಗೆ, ಯಾರಿಗೆ ಬೇಕಾದರೂ ಎಟುಕುವಂತೆ, ನೇತಾಡುತ್ತಿತ್ತು. ಸಭಾಂಗಣದ ಗೋಡೆಯ ಮೇಲೆ ಹಿಂದಿನ ಅಧ್ಯಕ್ಷರಾಗಿದ್ದ ದೊಡ್ಡ ಡಾಕ್ಟರ ಭಾವಚಿತ್ರ. ಅದರ ಕೆಳಗೆ ಅವರೇ ಸಹಿ ಮಾಡಿದ, ಕಟ್ಟು ಹಾಕಿಸಿದ ಹಾಳೆ. 'ಶೇಕಡಾ ನೂರರಷ್ಟು ಸದಸ್ಯರು ಜೀವರಕ್ಷಕ ತರಬೇತಿ ಪಡೆದ ಸಂಘ' ಎಂದು ಅದರಲ್ಲಿತ್ತು.

"ಈ ತರಬೇತಿ ಶುರು ಮಾಡಿದ್ದೇ ಅವರು," ಎಂದಳು ಕಾರ್ಯದರ್ಶಿ. "ನಾನು ಪ್ರಾಕ್ಟೀಸ್ ಶುರು ಮಾಡಿದಾಗ ಎರಡು ವರ್ಷ ಅವರೇ ಕೈಹಿಡಿದು ನಡೆಸಿದ್ರು. ಸಂಘದಲ್ಲಿ ಹೊಸಬರಿಗೆ ಒಬ್ಬೊಬ್ಬ ಹಿರಿಯರು ಅಂತ ಇರ್ತಾರೆ. ನನ್ನ ಪಾಲಿಗೆ ಅವರು ಸಿಕ್ಕಿದ್ರು, ಪುಣ್ಯ."

ಇನ್‌ಸ್ಪೆಕ್ಟರ್ ಹಾಜರಿ ಪುಸ್ತಕ ಕೇಳಿದ. ಐದು ವರ್ಷ, ಡಾಕ್ಟರಿಗೆ ಐದು ತರಬೇತಿ, ಪ್ರತಿಸಲವೂ ನಲವತ್ತರ ಆಸುಪಾಸು ಸಹಿಗಳು.

"ಇಷ್ಟೂ ಜನ ಬೊಂಬೆ ಮೇಲೆ ಕಲಿತಿದಾರಾ?"

ಕಾರ್ಯದರ್ಶಿ ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. "ಬರ್ತಾರೆ. ಸಹಿ ಹಾಕ್ತಾರೆ, ಟೀ ಕುಡೀತಾರೆ. ಕ್ಲಿನಿಕ್ಕಲ್ಲಿ ಜನ ಕಾಯ್ತಿದಾರೆ ಅಂತ ಹೊರಡ್ತಾರೆ. ನೋಂದಣಿ ನವೀಕರಣಕ್ಕೆ ಪ್ರಮಾಣಪತ್ರ ಬೇಕು, ಅದನ್ನ ಕೊಡ್ತೀವಿ. ಕೊನೇವರೆಗೂ ಉಳಿದು ಮಂಡಿಯೂರಿ ಒತ್ತೋರು ಎಂಟೋ ಒಂಬತ್ತೋ. ನಮ್ಮೋರೇ ಅಲ್ವಾ, ಯಾರಿಗೆ ಏನಂತ ಹೇಳೋದು?"

ಸಂಘ ಇಷ್ಟು ವರ್ಷ ತನ್ನ ಡಾಕ್ಟರುಗಳನ್ನು ಬೆಳೆಸಿದ ಬಗೆ ಇದು. ಇನ್‌ಸ್ಪೆಕ್ಟರ್ ಹುಬ್ಬೇರಿಸಿ, ಒಂದು ಬುದ್ಧಿಮಾತು ಹೇಳಲು ಬಾಯಿ ತೆರೆಯುತ್ತ ಪುಟ ಮಗುಚಿದ. ಅದು ಹೋದ ವರ್ಷ ಪೊಲೀಸರಿಗೆಂದೇ ನಡೆಸಿದ ತರಬೇತಿಯ ಪುಟ. ಮೊದಲನೆಯ ಸಹಿ ಅವನದೇ. ಸಹಿ ಹಾಕಿ, ಫೋನ್ ಬಂತೆಂದು ಹೊರಗೆ ಹೋದವನು ಮತ್ತೆ ಒಳಗೆ ಬಂದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ಅವನದಾಯಿತು. ಪಕ್ಕದಲ್ಲಿದ್ದ ಮಹಿಳಾ ಪೇದೆ ಆ ದಿನ ಕೊನೆಯವರೆಗೂ ಇದ್ದು ಕಲಿತವಳು. ಅವಳು ಈಗ ಗೋಡೆಯ ಮೇಲಿನ ಭಾವಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ಇನ್‌ಸ್ಪೆಕ್ಟರ್ ಪುಸ್ತಕ ಮುಚ್ಚಿದ. ಕಿವಿ ಬಿಸಿಯಾಗಿತ್ತು.

ಮಧ್ಯಾಹ್ನ ಮೂರಕ್ಕೆ ಜವಾನನ ವಿಚಾರಣೆ. ಐವತ್ತು ದಾಟಿದ ಮನುಷ್ಯ. ಬೊಂಬೆಗೆ ಅವನು ಭಾವ ಎಂದು ಹೆಸರಿಟ್ಟಿದ್ದ.

"ಯಾಕೆ ಭಾವ?"

"ಎಷ್ಟು ಗುದ್ದಿದ್ರೂ ತುಟಿ ಪಿಟಕ್ಕನ್ನಲ್ಲ ಸಾರ್. ನಮ್ಮ ಭಾವನೂ ಹಾಗೇ, ನಮ್ಮಕ್ಕನ ಎದುರಿಗೆ."

"ಕೊನೇಸಲ ಯಾವಾಗ ನೋಡಿದೆ?"

"ಭಾನುವಾರ ಧೂಳು ಒರೆಸಿಟ್ಟೆ."

"ಆಮೇಲೆ ಯಾರು ಬಂದಿದ್ರು?"

"ಯಾರೂ ಇಲ್ಲ ಸಾರ್."

ಇಷ್ಟು ಹೊತ್ತು ನೆಟ್ಟಗೆ ನೋಡುತ್ತಿದ್ದವನು ಈ ಮಾತಿಗೆ ಮಾತ್ರ ನೆಲ ನೋಡಿದ. ಇನ್‌ಸ್ಪೆಕ್ಟರ್ ಗದರಿಸಲಿಲ್ಲ. ಬೆಳಿಗ್ಗೆಯಿಂದ ಅವನಿಗೆ ಗದರಿಸುವ ಹುಮ್ಮಸ್ಸು ಇರಲಿಲ್ಲ.

ಗುರುವಾರ ಹನ್ನೊಂದೂವರೆಗೆ ಮಹಿಳಾ ಪೇದೆ ಸಂಘದ ಪಕ್ಕದ ಟೀ ಅಂಗಡಿಯಲ್ಲಿ ವಿಚಾರಿಸಿದಳು. ಜವಾನ ದಿನಕ್ಕೊಂದು ಟೀ ಒಯ್ಯುತ್ತಾನೆ. ಸಕ್ಕರೆ ಎರಡು ಚಮಚ, ಅದೂ ತುಂಬಿ. ಸೋಮವಾರ ಒಂದು ಮುಕ್ಕಾಲರ ಹೊತ್ತಿಗೆ ಮಾತ್ರ ಎರಡು ಟೀ ಒಯ್ದಿದ್ದ, ಅದರಲ್ಲೊಂದು ಸಕ್ಕರೆ ಇಲ್ಲದ್ದು. ಅಂಗಡಿಯವನಿಗೆ ನೆನಪಿರಲು ಕಾರಣ, ಟೀ ಆಗುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತ್ತು. ಜವಾನ ಹದಿನೈದು ನಿಮಿಷ ನಿಂತೇ ಇದ್ದ.

ಹನ್ನೆರಡು ಹತ್ತಕ್ಕೆ ಜವಾನನನ್ನು ಮತ್ತೆ ಕರೆಸಿದರು.

"ಸಕ್ಕರೆ ಇಲ್ಲದ ಟೀ ಯಾರಿಗೆ?"

"ಸಾರ್, ನನ್ನ ಮಗಳಿಗೆ ಟೈಫಾಯ್ಡ್ ಬಂದಾಗ ಇಪ್ಪತ್ತು ದಿನ ಮನೆಗೇ ಬಂದು ನೋಡಿದ ಪುಣ್ಯಾತ್ಮರು. ಅವರ ಹೆಸರು ನನ್ನ ಬಾಯಲ್ಲಿ ಹೇಳಿಸ್ಬೇಡಿ."

"ದೊಡ್ಡ ಡಾಕ್ಟರಾ?"

ಜವಾನ ಟವೆಲಿನಿಂದ ಮುಖ ಮುಚ್ಚಿಕೊಂಡ. "ನಾ ಟೀ ತರೋ ಹೊತ್ತಿಗೆ ಅವರು ಕಾರು ಹತ್ತಿದ್ರು. ಹಿಂದಿನ ಸೀಟಲ್ಲಿ ನೀಲಿ ಚೀಲ ಇತ್ತು. ಎರಡೂ ಟೀ ನಾನೇ ಕುಡಿದೆ."

ದೊಡ್ಡ ಡಾಕ್ಟರ ಕ್ಲಿನಿಕ್ ಮಧ್ಯಾಹ್ನ ಒಂದೂವರೆಯಿಂದ ನಾಲ್ಕೂವರೆಯವರೆಗೆ ಮುಚ್ಚಿರುತ್ತದೆ. ಮನೆ ಅದರ ಮೇಲೆಯೇ. ಎರಡು ನಲವತ್ತಕ್ಕೆ ಪೊಲೀಸರು ಮೆಟ್ಟಿಲು ಹತ್ತಿದರು. ಅರ್ಧ ಹತ್ತುವಷ್ಟರಲ್ಲಿ ಮೇಲಿನಿಂದ ಒಬ್ಬ ಹೆಂಗಸು ಉಸಿರು ಬಿಡದೆ ಎಣಿಸುವ ದನಿ ಕೇಳಿಸಿತು. ಒಂದೊಂದು ಎಣಿಕೆಗೂ ಟಕ್, ಟಕ್ ಎಂಬ ಸದ್ದು.

"ಸರ್, ಅದೇ," ಎಂದು ಮಹಿಳಾ ಪೇದೆ ಪಿಸುಗುಟ್ಟಿದಳು. "ಸರಿಯಾದ ಆಳಕ್ಕೆ ಒತ್ತಿದ್ರೆ ಮಾತ್ರ ಆ ಬೊಂಬೆ ಟಕ್ ಅನ್ನುತ್ತೆ. ಚೆನ್ನಾಗೇ ಒತ್ತುತ್ತಿದಾರೆ."

ಬಾಗಿಲು ಓರೆಯಾಗಿತ್ತು. ಒಳಗೆ ನೆಲದ ಮೇಲೆ ಚಾದರ, ಚಾದರದ ಮೇಲೆ ಬೊಂಬೆ. ಅರವತ್ತೆರಡು ವರ್ಷದ ದೊಡ್ಡ ಡಾಕ್ಟರು ಬನಿಯನ್ನಿನಲ್ಲಿ, ಬೆವರಿನಲ್ಲಿ ತೊಯ್ದು, ಮಂಡಿಯೂರಿ ಕೂತಿದ್ದರು. ಮಂಡಿಯ ಕೆಳಗೆ ದಿಂಬು. ಎದುರು ಮಣೆಯ ಮೇಲೆ ಅವರ ಹೆಂಡತಿ, ಕೈಯಲ್ಲಿ ಗಂಡನ ವಾಚು. ಖಾಕಿ ಕಂಡ ಕೂಡಲೇ ಆಕೆಯ ಎಣಿಕೆ ಇಪ್ಪತ್ತಾರಕ್ಕೆ ನಿಂತಿತು.

"ನಿಲ್ಲಿಸ್ಬೇಡ ಮಾರಾಯ್ತಿ, ಇನ್ನು ನಾಲ್ಕಿದೆ," ಎಂದರು ಡಾಕ್ಟರು, ತಲೆ ಎತ್ತದೆ.

"ಇಪ್ಪತ್ತೇಳು," ಎಂದರು ಆಕೆ. "ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಮೂವತ್ತು. ರೀ, ಪೊಲೀಸಿನೋರು ಬಂದಿದಾರೆ."

ಡಾಕ್ಟರು ಬಗ್ಗಿ ಬೊಂಬೆಯ ಬಾಯಿಗೆ ಎರಡು ಸಲ ಉಸಿರು ಕೊಟ್ಟರು. ಆಮೇಲೆ ಗೋಡೆ ಹಿಡಿದು ಎದ್ದು, ಗೂಟಕ್ಕೆ ತೂಗುಹಾಕಿದ್ದ ಅಂಗಿ ತೊಟ್ಟುಕೊಂಡರು.

"ಈ ಬೊಂಬೆ ಯಾರದು ಡಾಕ್ಟ್ರೇ?"

"ಸಂಘದ್ದು."

"ಯಾವಾಗ ತಂದ್ರಿ?"

"ಸೋಮವಾರ ಮಧ್ಯಾಹ್ನ."

"ಕೇಳಿ ತಂದ್ರಾ?"

"ಇಲ್ಲ."

"ಕೇಳಿದ್ರೆ ಕೊಡ್ತಿರಲಿಲ್ವಾ?"

"ತಲೆ ಮೇಲೆ ಹೊತ್ತು ತಂದು ಕೊಡ್ತಿದ್ರು. ಯಾಕೆ ಸಾರ್ ನಿಮಗೆ ಅಂತ ಒಂದು ಮಾತು ಕೇಳ್ತಿದ್ರು."

"ನಾನೂ ಅದನ್ನೇ ಕೇಳ್ತೀನಿ. ಯಾಕೆ?"

"ನನಗೆ ಬರ್ತಿರಲಿಲ್ಲ ಇನ್‌ಸ್ಪೆಕ್ಟ್ರೇ."

ಗಡಿಯಾರ ಬರೆಯುವುದನ್ನು ನಿಲ್ಲಿಸಿದ.

ಡಾಕ್ಟರು ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು. ಐದೂ ತರಬೇತಿಗಳನ್ನು ಉದ್ಘಾಟಿಸಿದ್ದು ಅವರೇ. ಭಾಷಣ ಮಾಡಿದರು, ಸಹಿ ಹಾಕಿದರು, ಹೊರಟರು. ನಲವತ್ತು ವರ್ಷದ ಹಿಂದೆ ಕಾಲೇಜಿನಲ್ಲಿ ಕಲಿತದ್ದು ಸಾಕು ಎಂದುಕೊಂಡಿದ್ದರು. ಹದಿನಾಲ್ಕನೇ ತಾರೀಖು ದರ್ಜಿ ಬಿದ್ದಾಗ ಮೊದಲು ಓಡಿದ್ದೂ ಅವರೇ. ನಾಲ್ಕೈದು ಸಲ ಒತ್ತಿದರು. ಒಳಗೆ ಪಕ್ಕೆಲುಬು ಲಟಕ್ಕೆಂದಿತು. ಅದು ಮುರಿದರೂ ಒತ್ತುವುದನ್ನು ಬಿಡಬಾರದು ಎಂಬುದು ತರಬೇತಿಯ ಮೊದಲ ಪಾಠ. ಅವರು ಹೆದರಿ ಕೈ ತೆಗೆದರು.

"ಸುತ್ತ ಜನ ನೋಡ್ತಿದ್ರು. ಸ್ಟೆತಾಸ್ಕೋಪ್ ತೆಗೆದು ಎದೆ ಮೇಲಿಟ್ಟು ಕೂತೆ. ಏನೋ ದೊಡ್ಡದು ಮಾಡ್ತಿದೀನಿ ಅಂದ್ಕೊಂಡ್ರು. ಏನೂ ಮಾಡ್ತಿರಲಿಲ್ಲ. ಹನ್ನೊಂದು ನಿಮಿಷ ಸುಮ್ಮನೆ ಕೂತಿದ್ದೆ."

ಅವರ ಹೆಂಡತಿ ವಾಚನ್ನು ಸೆರಗಿನಲ್ಲಿ ಒರೆಸುತ್ತ ಇದ್ದರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಭಾನುವಾರ ಹೋಗಿ ಕಲೀಬಹುದಿತ್ತಲ್ಲ?"

"ನಾನು ಬೆಳೆಸಿದ ಹುಡುಗಿಯ ಎದುರು ಮಂಡಿಯೂರಿ, ಕೈ ಎಲ್ಲಿಡ್ಲಮ್ಮ ಅಂತ ಕೇಳೋದಾ? ಅದಕ್ಕಿಂತ ಕಳ್ಳತನ ಸುಲಭ ಅನ್ನಿಸ್ತು. ಶನಿವಾರ ಗುಟ್ಟಾಗಿ ವಾಪಸ್ಸು ಇಡೋಣ ಅಂತಿದ್ದೆ."

ಮೂರು ಇಪ್ಪತ್ತೈದಕ್ಕೆ ಜಪ್ತಿ ಪಂಚನಾಮೆ ಮುಗಿದು ಬಂಧನವಾಯಿತು. ಕೈಗೆ ಕೋಳ ಹಾಕುತ್ತೀರಾ ಎಂದು ಹೆಂಡತಿ ಕೇಳಿದರು. ಇಲ್ಲಮ್ಮ, ಎಂದ ಇನ್‌ಸ್ಪೆಕ್ಟರ್. ಬೊಂಬೆಯ ಚೀಲವನ್ನು ಮಹಿಳಾ ಪೇದೆ ಎತ್ತಿಕೊಂಡಳು. ಬೀದಿಯವರೆಲ್ಲ ಅಂಗಡಿ ಬಾಗಿಲಿಗೆ ಬಂದು ನಿಂತಿದ್ದರು.

ಠಾಣೆಗೆ ಬಂದು ಹತ್ತು ನಿಮಿಷವಾಗಿರಲಿಲ್ಲ, ಸಂಘದ ಈಗಿನ ಅಧ್ಯಕ್ಷ ಕಾರ್ಯದರ್ಶಿಯನ್ನು ಹೊರಡಿಸಿಕೊಂಡು ಬಂದ. ಅವಳ ಕಣ್ಣು ಕೆಂಪಾಗಿತ್ತು.

"ದೂರು ವಾಪಸ್ ತಗೋತೀವಿ ಸರ್," ಎಂದ ಅಧ್ಯಕ್ಷ. "ದೊಡ್ಡ ಡಾಕ್ಟ್ರು ಬೊಂಬೇನ ರಿಪೇರಿಗೆ ಅಂತ ಒಯ್ದಿದ್ರು. ನಮಗೇ ಮರೆತಿತ್ತು. ಹಾಗೆ ಬರ್ಕೊಂಡ್ಬಿಡಿ. ಸಂಘ ಇರೋದೇ ನಮ್ಮೋರ ಬೆನ್ನಿಗೆ ನಿಲ್ಲೋಕೆ."

"ನೀವು ನನ್ನ ಬೆನ್ನಿಗೆ ನಿಂತು ನಿಂತೇ ನನ್ನ ಕೈ ಕೆಟ್ಟಿದ್ದು ಕಣಪ್ಪಾ," ಎಂದರು ದೊಡ್ಡ ಡಾಕ್ಟರು. "ನಾನೂ ನಿಮ್ಮ ಬೆನ್ನಿಗೆ ಹಾಗೇ ನಿಂತೆ. ಐದು ವರ್ಷ ನಿಮ್ಮೆಲ್ಲರ ಪ್ರಮಾಣಪತ್ರಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದೆ. ಇನ್‌ಸ್ಪೆಕ್ಟ್ರೇ, ನಡೆದದ್ದನ್ನೇ ಬರೀರಿ."



ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಸತ್ತ ದರ್ಜಿಯ ಹೆಂಡತಿ. ಈಗ ಅಂಗಡಿ ನಡೆಸುತ್ತಿರುವವಳು ಅವಳೇ. ಜೀಪು ಹೋದದ್ದನ್ನು ಕಂಡು ಹೊಲಿಗೆ ಬಿಟ್ಟು ಓಡಿ ಬಂದಿದ್ದಳು.

"ಇವರನ್ನ ಯಾಕೆ ಹಿಡ್ಕೊಂಡು ಬಂದ್ರಿ ಸಾರ್? ದೇವರಂಥೋರು. ಆವತ್ತು ನಮ್ಮನೆಯವರ ತಲೆ ನನ್ನ ತೊಡೆ ಮೇಲಿತ್ತು. ಇವರು ಹನ್ನೊಂದು ನಿಮಿಷ ಅವರ ಎದೆ ಬಿಟ್ಟು ಕದಲಲಿಲ್ಲ. ಸ್ವಂತ ಅಣ್ಣ ಕೂಡ ಅಷ್ಟು ಮಾಡಲ್ಲ. ಬೇಕಾದ್ರೆ ನಾ ಬರ್ಕೊಡ್ತೀನಿ."

ನೆಲ ಬಾಯಿ ಬಿಡಬಾರದೇ ಎಂಬಂತೆ ಆ ಕೋಣೆಯಲ್ಲಿ ಎಲ್ಲರೂ ಕೆಳಗೆ ನೋಡಿದರು. ದೊಡ್ಡ ಡಾಕ್ಟರು ಎದ್ದು ನಿಂತರು.

"ಕಿವಿ ಇಟ್ಟಿದ್ದೆ ತಾಯಿ. ಕೈ ಇಟ್ಟಿರಬೇಕಿತ್ತು, ಹೆದರಿ ತೆಗೆದುಬಿಟ್ಟೆ. ಎದೆ ಒತ್ತುತ್ತಾ ಇರಬೇಕಿತ್ತು. ನನಗೆ ಸರಿಯಾಗಿ ಬರ್ತಿರಲಿಲ್ಲ. ಬರುತ್ತೆ ಅಂತ ಐದು ಸಲ ಸಹಿ ಹಾಕಿದ್ದೆ."

ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಒತ್ತಿದ್ರೆ ಉಳೀತಿದ್ರಾ?"

"ಗೊತ್ತಿಲ್ಲ. ಕೆಲವರು ಉಳೀತಾರೆ."

"ಈಗ ಬರುತ್ತಾ ನಿಮಗೆ?"

"ಬರುತ್ತೆ."

"ಕಲಿಯೋಕೆ ಎಷ್ಟು ದಿನ ಹಿಡೀತು?"

"ಮೂರು ದಿನ."

"ಮೂರೇ ದಿನಾನಾ," ಎಂದಳು ಅವಳು. ಬೈಯಲಿಲ್ಲ, ಅಳಲಿಲ್ಲ. ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದಳು.

ನಾಲ್ಕು ಐವತ್ತಕ್ಕೆ ಆರೋಪಿಯ ಹೇಳಿಕೆ ದಾಖಲಾಯಿತು. ಅವರು ಹೇಳಿದಂತೆಯೇ, ಒಂದು ಮಾತು ಬಿಡದೆ. ಹೇಳಿಕೆಯ ಕೆಳಗೆ ಸಹಿ ಹಾಕುವ ಮುನ್ನ ದೊಡ್ಡ ಡಾಕ್ಟರು ಅದನ್ನು ಪೂರ್ತಿ, ಎರಡು ಸಲ ಓದಿದರು. ಕೃತ್ಯಕ್ಕೆ ಕಾರಣ ಎಂಬ ಕಡೆ ಗಡಿಯಾರ ಏನೂ ಬರೆಯದೆ ಕಡತವನ್ನು ಇನ್‌ಸ್ಪೆಕ್ಟರ್ ಮುಂದೆ ಸರಿಸಿದ. ಇನ್‌ಸ್ಪೆಕ್ಟರ್ ಪೆನ್ನು ತೆಗೆದುಕೊಂಡ. ತಾನೇ ಬರೆದ: 'ನನಗೆ ಬರುವುದಿಲ್ಲ ಎಂದು ಹೇಳಲು ನಾಚಿಕೆ.'